ಟಾಪು ಬಿಚ್ಚಿದ ದಿನ: ಫೋಕ್‌ಸ್ಟನ್‌ನಿಂದ ಕಾಮೋಠೆವರೆಗೆ ಒಂದು ಕೊಯ್ದ ಚಾವಣಿಯ ಚರಿತ್ರೆ

ಈ ವಾರದ ಮಾತು ಕೇಳಿದವರಿಗೆ ಮೊದಲೇ ಕ್ಷಮೆ ಕೇಳಿಬಿಡ್ತೀನಿ, ಹಿಂದೆ ಗ್ರೈಂಡರ್ ಸದ್ದು ಜಾಸ್ತಿ ಇತ್ತು. ಗ್ಯಾರೇಜಲ್ಲಿ ನಿಂತು ರೆಕಾರ್ಡ್ ಮಾಡಿದ್ದು, ಏನು ಮಾಡೋಕಾಗಲ್ಲ. ಅದಕ್ಕೇ ಈ ಬರಹವನ್ನ ಸ್ವಲ್ಪ ವಿಸ್ತಾರವಾಗಿ ಕೊಡ್ತಾ ಇದೀನಿ.

ವಿಷಯ ಇಷ್ಟು. ನಾನಿರೋದು ಕಾಮೋಠೆ. ನಮ್ಮ ಬಿಲ್ಡಿಂಗಲ್ಲೇ ಇರೋ ಗೆಳೆಯನೊಬ್ಬ ಶಿರಸಿ ಕಡೆಯವನು. ನನ್ನ ಹಾಗೇ ಪನ್ವೇಲ್–ಠಾಣೆ ಲೋಕಲ್ ಹಿಡಿದು ಐರೋಲಿಗೆ ಹೋಗಿ ಬರ್ತಾನೆ. ಅವನ ಅಪ್ಪ ನಿವೃತ್ತ ಶಾಲಾ ಮಾಸ್ತರು. ಹೋದ ವರ್ಷ ಮಗನ ಮನೆಗೆ ಬಂದು ಉಳಿದರು, ಬರುವಾಗ ತಮ್ಮ 2003ರ ಮಾರುತಿ ಓಮ್ನಿಯನ್ನೂ ತಂದರು. ಕೆಎ-31 ನಂಬರಿನ ಗಾಡಿ. ಸಾಮಾನ್ಯ ಓಮ್ನಿ ಅಲ್ಲ ಅದು. ಅದರ ತಲೆ ಮೇಲೆ ಫೈಬರ್ ಟಾಪು ಇದೆ. ಕೊಕ್ಕೆ ಬಿಚ್ಚಿ ತಳ್ಳಿದರೆ ಒಂದು ಕಡೆಯಿಂದ ಮೇಲಕ್ಕೆ ಏಳುತ್ತೆ, ಸುತ್ತ ಕ್ಯಾನ್ವಾಸ್ ಬಟ್ಟೆ ಬಿಚ್ಚಿಕೊಳ್ಳುತ್ತೆ. ಒಳಗೆ ನೆಟ್ಟಗೆ ನಿಂತು ಪಂಚೆ ಉಡಬಹುದು. ಪಾಪ್-ಟಾಪ್ ಅಂತಾರಲ್ಲ, ಅದೇ. ಮಾಸ್ತರು ಮತ್ತು ಅವರ ಹೆಂಡತಿ ಅದರಲ್ಲೇ ಮಲಗಿ ಎದ್ದು ಅರ್ಧ ಕರ್ನಾಟಕ ಸುತ್ತಿದ್ದಾರೆ. ಆ ತಾಯಿ ಈಗಿಲ್ಲ.

ಕಾಮೋಠೆಯಲ್ಲಿ ಒಂದು ಮಳೆಗಾಲ ಕಳೆಯೋದರಲ್ಲಿ ಗಾಡಿ ಒಳಗೆ ಕಂದು ನೀರು ಇಳಿಯೋಕೆ ಶುರುವಾಯಿತು. ಪಕ್ಕದ ತಳ್ಳು ಬಾಗಿಲು ಅರ್ಧಕ್ಕೆ ಬಂದು ನಿಲ್ತಾ ಇತ್ತು. ಮೇ ತಿಂಗಳಲ್ಲಿ, ಮುಂದಿನ ಮಳೆ ಬರುವ ಮುಂಚೆ, ಟಾಪು ಬಿಚ್ಚಿ ತುಕ್ಕು ತೆಗೆಸೋಣ ಅಂತ ಕಳಂಬೋಲಿ ಕಡೆಯ ಒಂದು ಗ್ಯಾರೇಜಿಗೆ ಒಯ್ದೆವು. ಡೆಂಟಿಂಗ್ ಮಿಸ್ತ್ರಿ ನಮ್ಮ ವಿಜಯಪುರ ಜಿಲ್ಲೆಯವನು, ಇಂಡಿ ತಾಲೂಕು. ನಮಗೆ ಇದು ಗೊತ್ತಾಗಿದ್ದು ಅವನು ಟಾಪಿನ ಅಂಚು ಮುಟ್ಟಿ ತನ್ನಷ್ಟಕ್ಕೆ ತಾನೇ "ಹಪ್ಪಳ ಆಗೇತಿ" ಅಂದಾಗ. ನವಿ ಮುಂಬೈಯಲ್ಲಿ ನಾವು ಐಟಿಯವರು ಕನ್ನಡ ಕೂಟ ಅಂತ ಹುಡುಕಿಕೊಂಡು ಅಲೆಯೋದು, ಕನ್ನಡ ಇರೋದು ಇಲ್ಲಿ, ವೆಲ್ಡಿಂಗ್ ಕಿಡಿ ನಡುವೆ!

ಈ ಚಾವಣಿ ಇಲ್ಲಿಗೆ ಬಂದದ್ದು ಹೇಗೆ ಅನ್ನೋದೇ ಇವತ್ತಿನ ಚರಿತ್ರೆ. ಅದಕ್ಕೆ ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹೋಗಬೇಕು.

ಕೆಂಟ್ ಪ್ರಾಂತದಲ್ಲಿ ಫೋಕ್‌ಸ್ಟನ್ ಅನ್ನೋ ಊರು. ಅಲ್ಲಿ ಮಾರ್ಟಿನ್ ವಾಲ್ಟರ್ ಅಂತ ಒಂದು ಕಂಪನಿ. ಮೂಲ ಕಸುಬು ಕುದುರೆ ಜೀನು, ಆಮೇಲೆ ಗಾಡಿಗೆ ಬಾಡಿ ಕಟ್ಟೋದು. 1952ರಲ್ಲಿ ಬೆಡ್‌ಫರ್ಡ್ ಸಿಎ ಅನ್ನೋ ಸಣ್ಣ ಸರಕು ವ್ಯಾನ್ ಬಂದಾಗ ಇವರು ಅದರೊಳಗೆ ಮಡಚುವ ಸೀಟು ಹಾಕಿ, ಮಲಗುವ ಗಾಡಿ ಮಾಡಿ, 'ಡಾರ್ಮೊಬೈಲ್' ಅಂತ ಹೆಸರಿಟ್ಟರು. ಡಾರ್ಮಿಟರಿ, ಆಟೊಮೊಬೈಲ್ ಎರಡೂ ಸೇರಿದ ಹೆಸರು. ಮಲಗೋಕೇನೋ ಆಯಿತು, ಆದರೆ ನಿಲ್ಲೋಕಾಗಲ್ಲ. ಎತ್ತರದ ಚಾವಣಿ ಹಾಕಿದರೆ ಮನೆ ಗ್ಯಾರೇಜಿಗೆ ನುಗ್ಗಲ್ಲ, ಗಾಳಿಗೆ ತಡೆ, ಪೆಟ್ರೋಲ್ ಖರ್ಚು. ಹಾಗಾಗಿ 1950ರ ದಶಕ ಮುಗಿಯೋ ಹೊತ್ತಿಗೆ ಅವರು ಕಂಡುಕೊಂಡ ಉಪಾಯ: ಕಬ್ಬಿಣದ ಚಾವಣಿಯಲ್ಲಿ ದೊಡ್ಡ ಕಿಂಡಿ ಕೊಯ್ಯಿರಿ, ಮೇಲೆ ಫೈಬರ್‌ಗ್ಲಾಸ್ ಮುಚ್ಚಳ ಇಡಿ, ಒಂದು ಪಕ್ಕಕ್ಕೆ ಹಿಂಜ್ ಹಾಕಿ, ನಡುವೆ ಪಟ್ಟೆ ಪಟ್ಟೆ ಬಟ್ಟೆ ಕಟ್ಟಿ. ಓಡುವಾಗ ವ್ಯಾನ್, ನಿಂತಾಗ ಮನೆ. ಮುಚ್ಚಳದೊಳಗೆ ಸ್ಟ್ರೆಚರ್ ತರಹದ ಎರಡು ತೂಗು ಹಾಸಿಗೆ ಬೇರೆ.

ಇದರಲ್ಲಿ ಕಾನೂನಿನ ಪಾಲೂ ಇತ್ತು. ಆಗಿನ ಬ್ರಿಟನ್ನಿನಲ್ಲಿ ಕಾರಿಗೆ ಖರೀದಿ ತೆರಿಗೆ ಭಾರೀ. ಒಳಗೆ ವಾಸ ಮಾಡುವಂತೆ ಸಜ್ಜಾದ ಮೋಟರ್ ಕ್ಯಾರವಾನಿಗೆ ಆ ತೆರಿಗೆ ಇರಲಿಲ್ಲ. ಅಂದರೆ ಒಲೆ, ಹಾಸಿಗೆ ಹಾಕಿಸಿದರೆ ಗಾಡಿ ಅಗ್ಗ! 1973ರಲ್ಲಿ ವ್ಯಾಟ್ ಬಂದ ಮೇಲೆ ಆ ಅನುಕೂಲ ಹೋಯಿತು. ತೆರಿಗೆ ನೋಡಿ ಗಾಡಿ ಆಕಾರ ಬದಲಾಗೋದು ನಮಗೇನು ಹೊಸದಲ್ಲ, ನಾಲ್ಕು ಮೀಟರ್ ಒಳಗೆ ಡಿಕ್ಕಿ ಕತ್ತರಿಸಿದ ಕಾರುಗಳ ದೇಶ ನಮ್ಮದು.

ಜರ್ಮನಿಯ ಕಥೆ ನಿಮಗೆ ಅರ್ಧ ಗೊತ್ತಿರುತ್ತೆ. 1947ರಲ್ಲಿ ಬೆನ್ ಪಾನ್ ಅನ್ನೋ ಡಚ್ ಆಮದುದಾರ ಒಂದು ಡಬ್ಬದ ಚಿತ್ರ ಗೀಚಿದ, 1950ರಲ್ಲಿ ಅದು ಫೋಕ್ಸ್‌ವ್ಯಾಗನ್ ವ್ಯಾನ್ ಆಗಿ ಬಂತು. ವೀಡನ್‌ಬ್ರೂಕ್ ಊರಿನ ವೆಸ್ಟ್‌ಫಾಲಿಯಾ ಕಂಪನಿ 1951ರಿಂದಲೇ ಅದಕ್ಕೆ ಕ್ಯಾಂಪಿಂಗ್ ಪೆಟ್ಟಿಗೆ ಮಾಡಿಕೊಡ್ತಾ ಇತ್ತು, ಮುಂದೆ ಏಳುವ ಚಾವಣಿಯನ್ನೂ ಕೂರಿಸಿತು. ಇವತ್ತು ಟೀ ಶರ್ಟಿನ ಮೇಲೆ, ಕೆಫೆ ಗೋಡೆ ಮೇಲೆ ಕಾಣೋದು ಅದೇ.

ಇವೇ ವ್ಯಾನುಗಳು ಭಾರತಕ್ಕೆ ಬಂದವು. ಹಡಗಲ್ಲಲ್ಲ, ರಸ್ತೆಯಲ್ಲೇ. 1957ರ ಏಪ್ರಿಲ್ 15ಕ್ಕೆ ಲಂಡನ್ನಿನಿಂದ ಹೊರಟ 'ಇಂಡಿಯಾಮನ್' ಅನ್ನೋ ಬಸ್ಸು ಜೂನ್ 5ಕ್ಕೆ ಕಲ್ಕತ್ತಾ ಮುಟ್ಟಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ದಾಟಿ ವ್ಯಾನ್ ಓಡಿಸಿಕೊಂಡು ಬರೋರ ಸಾಲು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ಹಳೇ ದಾರಿ ಮುಚ್ಚಿತು. ಆದರೂ ಹಟ ಹಿಡಿದವರು ಇರಾನಿನಿಂದ ಕ್ವೆಟ್ಟಾ ಮೇಲೆ ಪಾಕಿಸ್ತಾನ ದಾಟಿ ಆಮೇಲೂ ಬರ್ತಿದ್ದರು. ಗೋವಾದಲ್ಲಿ ಚಳಿಗಾಲ ಕಳೆದು, ಕೆಲವರು ದಕ್ಷಿಣಕ್ಕೆ ಗೋಕರ್ಣ, ಕೆಲವರು ಹಂಪಿ.

ಮಾಸ್ತರು ಕಂಡಿದ್ದು ಅಂಥ ಒಂದನ್ನು. 1990ರ ದಶಕದ ಆರಂಭ, ಗೋಕರ್ಣದಲ್ಲಿ. ಶಾಲೆ ಮಕ್ಕಳನ್ನ ಕರಕೊಂಡು ಪ್ರವಾಸ ಹೋಗಿದ್ದರಂತೆ. ತೆಂಗಿನ ಮರದ ಕೆಳಗೆ ಒಂದು ಜರ್ಮನ್ ವ್ಯಾನು, ಟಾಪು ಬಾಯಿ ತೆರೆದು ನಿಂತಿದೆ, ಒಳಗೆ ಒಬ್ಬಾಕೆ ನಿಂತುಕೊಂಡು ಅಡಿಗೆ ಮಾಡ್ತಿದ್ದಾಳೆ. "ಗಾಡಿ ನೋಡಿ ಆಶ್ಚರ್ಯ ಆಗ್ಲಿಲ್ಲ. ಆಕೆ ನೆಟ್ಟಗೆ ನಿಂತಿದ್ದು ನೋಡಿ ಆಯ್ತು" ಅಂದರು ನನಗೆ. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿಂದ ಚಿತ್ರ ಬರೆದುಕೊಂಡು ಬಂದರು. ಹತ್ತು ವರ್ಷ ಆ ಚಿತ್ರ ಹಾಗೇ ಇತ್ತು.

2003ರಲ್ಲಿ ಓಮ್ನಿ ತಗೊಂಡರು. ಓಮ್ನಿ ಬಗ್ಗೆ ನಮ್ಮಲ್ಲಿ ಯಾರೂ ಸರಿಯಾಗಿ ಬರೆದಿಲ್ಲ ಅನ್ನೋದು ನನ್ನ ಹಳೇ ತಕರಾರು. ಸಿನಿಮಾದಲ್ಲಿ ಕಿಡ್ನ್ಯಾಪ್ ಗಾಡಿ ಅಂತ ನಗ್ತೀವಿ, ಅಷ್ಟೇ. 1984ರಲ್ಲಿ 'ಮಾರುತಿ ವ್ಯಾನ್' ಅಂತ ಬಂತು, ಓಮ್ನಿ ಅನ್ನೋ ಹೆಸರು ಆಮೇಲಿನದು. ಸುಝುಕಿ ಕ್ಯಾರಿಯ ತಳಿ, 796 ಸಿಸಿ, ಮೂರು ಸಿಲಿಂಡರ್. ಇಂಜಿನ್ ಸೀಟಿನ ಅಡಿ, ಡ್ರೈವರ್ ಮುಂದಿನ ಚಕ್ರದ ಮೇಲೆ, ಮೂಗಿಲ್ಲ. ಹಾಗಾಗಿ ಮೂರೂಕಾಲು ಮೀಟರ್ ಚಿಲ್ಲರೆ ಉದ್ದದ ಗಾಡಿಯಲ್ಲಿ ಜಾಗವೋ ಜಾಗ. ಶಾಲೆ ವ್ಯಾನು, ಆಂಬುಲೆನ್ಸು, ಹಾಲಿನ ಗಾಡಿ, ಮದುವೆ ಗಾಡಿ ಎಲ್ಲಾ ಅದೇ. ಫೋಕ್ಸ್‌ವ್ಯಾಗನ್ ವ್ಯಾನಿನ ಲೆಕ್ಕಾಚಾರವೂ ಇದೇ ಆಗಿತ್ತು, ಅಲ್ಲಿ ಇಂಜಿನ್ ಹಿಂದೆ ಅಷ್ಟೆ. ಎರಡರ ಸಾವೂ ಒಂದೇ ತರಹ: ಬ್ರೆಜಿಲ್‌ನಲ್ಲಿ ಉಳಿದಿದ್ದ ಹಳೇ ಫೋಕ್ಸ್‌ವ್ಯಾಗನ್ 'ಕೊಂಬಿ' 2013ರ ಕೊನೆಗೆ ನಿಂತಿದ್ದು ಏರ್‌ಬ್ಯಾಗ್, ಎಬಿಎಸ್ ಕಡ್ಡಾಯವಾದ್ದರಿಂದ, ನಮ್ಮ ಓಮ್ನಿ 2019ರಲ್ಲಿ ನಿಂತಿದ್ದು ಹೊಸ ಸುರಕ್ಷತಾ ನಿಯಮಗಳಿಂದ.

ಮಾಸ್ತರು ಆ ಪೆನ್ಸಿಲ್ ಚಿತ್ರ ಹಿಡಿದು ಹುಬ್ಬಳ್ಳಿಯ ಒಂದು ವರ್ಕ್‌ಶಾಪಿಗೆ ಹೋದರು. ಬಸ್ ಬಾಡಿ ಕಟ್ಟುವವರು, ಫೈಬರ್ ಕೆಲಸ ಗೊತ್ತಿತ್ತು. ಚಿತ್ರದಲ್ಲಿದ್ದ ಹಾಗೆ ಮಾಡಿಕೊಟ್ಟರು. ಚಿತ್ರದಲ್ಲಿ ಕಾಣದೆ ಇದ್ದದ್ದನ್ನ ಮಾಡಲಿಲ್ಲ. ಅವರ ತಪ್ಪಾ? ಚಿತ್ರದ ತಪ್ಪು ಅಂತಲೇ ನನಗನ್ನಿಸೋದು.

ಈಗ ಕಳಂಬೋಲಿಗೆ ವಾಪಸ್. ಟಾಪು ಬಿಚ್ಚೋದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಬಿಚ್ಚುವ ಕ್ರಮದಲ್ಲೇ ಕಟ್ಟಿದವರ ಕಥೆ ಇದೆ.

ಹಿಂದಿನ ರಾತ್ರಿಯೇ ಹಿಂಜಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದರು. ಬೆಳಿಗ್ಗೆ ಮೊದಲು ಒಳಗಿನ ಬಟ್ಟೆ. ಕ್ಯಾನ್ವಾಸಿನ ಕೆಳ ಅಂಚನ್ನ ಅಲ್ಯುಮಿನಿಯಂ ಪಟ್ಟಿ ಒತ್ತಿ ಸ್ಕ್ರೂ ಹಾಕಿ ಹಿಡಿಸಿರ್ತಾರೆ, ಅದನ್ನ ಸುತ್ತಲೂ ಬಿಚ್ಚಬೇಕು. ಆಮೇಲೆ ಟಾಪು ಮೇಲೆತ್ತುವ ಎರಡು ಗ್ಯಾಸ್ ಶಾಕುಗಳು. ಇಲ್ಲಿ ಹುಷಾರು: ಅದರೊಳಗೆ ಗ್ಯಾಸು ಒತ್ತಡದಲ್ಲಿ ಇರುತ್ತೆ, ಟಾಪು ಮುಚ್ಚಿದ್ದಾಗ ಬಿಚ್ಚಿದರೆ ಬಾಣದ ಹಾಗೆ ಚಿಮ್ಮುತ್ತೆ, ಪೂರ್ತಿ ಎತ್ತಿ, ಕೆಳಗೆ ಬಿದಿರಿನ ಊರೆಗೋಲು ಕೊಟ್ಟು, ಆಮೇಲೆ ಬಿಚ್ಚಬೇಕು. ಕೊನೆಗೆ ಹಿಂಜು. ಎಂಟು ಬೋಲ್ಟಲ್ಲಿ ಐದು ಪಾನಾಗೆ ಬಂದವು, ಮೂರು ತಲೆ ಮುರಿದುಕೊಂಡವು, ಅವನ್ನ ಗ್ರೈಂಡರಲ್ಲಿ ಕೊಯ್ದರು. ನಾಲ್ಕು ಮೂಲೆಗೆ ನಾಲ್ಕು ಜನ, ನಾನೂ ಒಬ್ಬ. ಎತ್ತಿ ಹಳೇ ಟಯರುಗಳ ಮೇಲೆ ಇಟ್ಟೆವು. ಇಪ್ಪತ್ತೆರಡು ವರ್ಷದ ಫೈಬರ್ ಟಾಪು, ಬಣ್ಣ ಮಂಕಾಗಿದೆ ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿ.

ಕೆಳಗೆ ನೋಡಿದರೆ ಗಾಡಿಯ ನೆತ್ತಿ ಇಲ್ಲ.

ಕೊಯ್ದ ಕಿಂಡಿಯ ಸುತ್ತ ಕೂತಿದ್ದ ರಬ್ಬರ್ ಬೀಡಿಂಗ್ ಎಳೆದಾಗ ಅದರ ಜೊತೆ ತಗಡೂ ಪದರ ಪದರವಾಗಿ ಎದ್ದು ಬಂತು. ಮಿಸ್ತ್ರಿ ಸ್ಕ್ರೂಡ್ರೈವರ್ ಇಟ್ಟು ಬರೀ ಬೆರಳಿಂದ ಒತ್ತಿದ, ಆಚೆ ಹೋಯಿತು. "ಮ್ಯಾಲಿನ ಟಾಪ್ ಗಟ್ಟಿ ಐತ್ರಿ ಸರ. ಅದನ್ನ ಹೊತ್ತ ತಗಡು ಹೋಗೇತಿ" ಅಂದ. ಆಮೇಲೆ ತಲೆ ಒಳಗೆ ಹಾಕಿ ನೋಡಿ, "ಯಾರ್ ಕೊಯ್ದಾರ್ರೀ ಇದನ್ನ? ಅಡ್ಡ ಪಟ್ಟಿ ಎಲ್ಲಾ ಕತ್ತರಸ್ಯಾರ. ಆ್ಯಂಗಲ್ ಇಟ್ಟು ಬರೇ ರಿವೆಟ್ ಹೊಡದು ಬಿಟ್ಟಾರ!"

ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದ ಮಾಸ್ತರು, "ನಾನೇ ಕೊಯ್ಸಿದ್ದು ಮಾರಾಯ" ಅಂದರು.

ಮಿಸ್ತ್ರಿಗೆ ಮುಜುಗರ ಆಯಿತು. "ಹಂಗಲ್ರೀ ಅಜ್ಜಾರ" ಅಂತ ಏನೋ ಹೇಳೋಕೆ ಹೋಗಿ ನಿಲ್ಲಿಸಿದ. ಆದರೆ ಅವನು ಹೇಳಿದ್ದರಲ್ಲಿ ಪಾಪ್-ಟಾಪ್‌ನ ಇಡೀ ಇತಿಹಾಸ ಇದೆ. ಲಾರಿಗೆ ಕೆಳಗೆ ಚಾಸಿ ಇರುತ್ತೆ, ಮೇಲಿನದು ಬರೀ ಹೊದಿಕೆ. ಫೋಕ್ಸ್‌ವ್ಯಾಗನ್ ವ್ಯಾನು, ಓಮ್ನಿ ಹಾಗಲ್ಲ, ಬಾಡಿಯೇ ಚಾಸಿಯ ಕೆಲಸ ಮಾಡುತ್ತೆ. ಚಾವಣಿ, ಅದರ ಕೆಳಗಿನ ಅಡ್ಡ ಪಟ್ಟಿಗಳು ಎರಡು ಪಕ್ಕದ ಗೋಡೆಗಳನ್ನ ಹಿಡಿದಿರುತ್ತವೆ. ಅದನ್ನ ಕೊಯ್ದರೆ ರಟ್ಟಿನ ಡಬ್ಬದ ಮುಚ್ಚಳ ಹರಿದ ಹಾಗೆ, ಗೋಡೆಗಳು ಅಲುಗಾಡ್ತವೆ. ಅದಕ್ಕೇ ಒಳ್ಳೆಯ ಪಾಪ್-ಟಾಪ್ ಕೆಲಸ ಅಂದರೆ ಕಿಂಡಿಯ ಸುತ್ತ ಬಲವಾದ ಉಕ್ಕಿನ ಚೌಕಟ್ಟು ಬೆಸೆದು, ಕಳೆದುಕೊಂಡ ಬಿಗಿಯನ್ನ ವಾಪಸ್ ಕೊಡೋದು. ಗೋಕರ್ಣದಲ್ಲಿ ನಿಂತು ಚಿತ್ರ ಬರೆದವರಿಗೆ ಬಟ್ಟೆಯ ಹಿಂದಿನ ಆ ಚೌಕಟ್ಟು ಕಾಣೋದಿಲ್ಲ. ನಮ್ಮ ತಳ್ಳು ಬಾಗಿಲು ಯಾಕೆ ಸಿಕ್ಕಿಹಾಕಿಕೊಳ್ತಿತ್ತು ಅನ್ನೋದೂ ಆಗ ಗೊತ್ತಾಯಿತು. ಮಿಸ್ತ್ರಿ ಮೊದಲು ಮಾಡಿದ ಕೆಲಸ, ಬಾಗಿಲು ಎಲ್ಲಾ ಮುಚ್ಚಿಸಿ, ಎರಡು ಗೋಡೆಗಳ ನಡುವೆ ಅಡ್ಡ ಪೈಪ್ ಇಟ್ಟು ತಾತ್ಕಾಲಿಕ ಟಾಕಾ ಹಾಕಿದ್ದು. ಇಲ್ಲಾಂದ್ರೆ ತುಕ್ಕು ಕೊಯ್ಯುತ್ತಾ ಹೋದ ಹಾಗೆ ಬಾಡಿ ಬಾಯಿ ಬಿಟ್ಟುಬಿಡುತ್ತೆ.

ಇನ್ನು ತುಕ್ಕು. ಕಾರ್ಖಾನೆಯಲ್ಲಿ ಇಡೀ ಬಾಡಿಯನ್ನ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆ ಮೂಲೆಗೂ ಬಣ್ಣ ಹಿಡಿಸುವ ವಿಧಾನ 1960–70ರ ದಶಕಗಳಲ್ಲಿ ಜಗತ್ತಿನಾದ್ಯಂತ ಬೇರೂರಿತು. ಆಮೇಲೆ ನೀವು ಕೊಯ್ದ ಪ್ರತಿ ಅಂಚೂ ಆ ರಕ್ಷಣೆಯ ಹೊರಗೆ. ಅಂಚಿನ ಮೇಲೆ ಬಣ್ಣ ನಿಲ್ಲೋದೂ ತೆಳುವೇ. ಅದರ ಮೇಲೆ ಆ್ಯಂಗಲ್ ಇಟ್ಟು ರಿವೆಟ್ ಹೊಡೆದರೆ ಎರಡು ಲೋಹದ ನಡುವೆ ಕೂದಲಿನಷ್ಟು ಸಂದು. ನೀರು ಒಳಗೆ ಹೋಗುತ್ತೆ, ಒಣಗೋದಿಲ್ಲ. ಅಲ್ಯುಮಿನಿಯಂ ರಿವೆಟ್ಟು, ಉಕ್ಕಿನ ತಗಡು ಎರಡೂ ಉಪ್ಪುನೀರಲ್ಲಿ ಸೇರಿದರೆ ಅದೊಂದು ಸಣ್ಣ ಬ್ಯಾಟರಿ, ಅಲ್ಲಿ ಮೊದಲು ರಿವೆಟ್ಟೇ ಪುಡಿಯಾಗುತ್ತೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಆದ್ದರಿಂದ ಅದು ಸಂದನ್ನ ತಾನೇ ಅಗಲ ಮಾಡಿಕೊಂಡು ಇನ್ನಷ್ಟು ನೀರು ಕರೆಯುತ್ತೆ. ನೀರು ತಡೆಯಲಿ ಅಂತ ಹಾಕಿದ ರಬ್ಬರೇ ನೀರನ್ನ ಅಲ್ಲಿ ಹಿಡಿದು ಕೂರಿಸುತ್ತೆ.

ಶಿರಸಿಯಲ್ಲಿ ಮಳೆ ಕಡಿಮೆಯೇನಲ್ಲ. ಆದರೆ ಅಲ್ಲಿ ಗಾಡಿ ಅಡಿಕೆ ಒಣಗಿಸುವ ಮಾಡಿನ ಕೆಳಗೆ ನಿಲ್ತಿತ್ತು, ಸಮುದ್ರ ಘಟ್ಟದ ಕೆಳಗೆ ದೂರ ಇತ್ತು. ಕಾಮೋಠೆಯಲ್ಲಿ ಪನ್ವೇಲ್ ಖಾಡಿ ಹತ್ತಿರ, ಗಾಳಿಯಲ್ಲೇ ಉಪ್ಪು. ಸೊಸೈಟಿಯ ಸ್ಟಿಲ್ಟ್ ಪಾರ್ಕಿಂಗ್ ಎಲ್ಲ ಫ್ಲ್ಯಾಟಿನವರಿಗೆ ಹಂಚಿಕೆಯಾಗಿತ್ತು, ಇವರ ಜಾಗದಲ್ಲಿ ಮಗನ ಕಾರು. ಓಮ್ನಿ ಇಡೀ ಮಳೆಗಾಲ ರಸ್ತೆ ಪಕ್ಕ ನಿಂತಿತ್ತು. ಇಪ್ಪತ್ತು ವರ್ಷ ಒಳಗೊಳಗೇ ನಡೆದದ್ದಕ್ಕೆ ಆ ಒಂದು ಮಳೆಗಾಲ ಕೊನೇ ತಳ್ಳು ಕೊಟ್ಟಿತು.

ಹುಬ್ಬಳ್ಳಿಯವರನ್ನ ಬೈಯುವ ಮುಂಚೆ ಒಂದು ಮಾತು. ಫೋಕ್ಸ್‌ವ್ಯಾಗನ್ ಕಂಪನಿ 2003ರಿಂದ, ನಮ್ಮ ಮಾಸ್ತರು ಟಾಪು ಕೊಯ್ಸಿದ ಅದೇ ವರ್ಷದಿಂದ, ತನ್ನ 'ಕ್ಯಾಲಿಫೋರ್ನಿಯಾ' ಕ್ಯಾಂಪರನ್ನ ವೆಸ್ಟ್‌ಫಾಲಿಯಾಗೆ ಕೊಡದೆ ತಾನೇ ಕಟ್ಟತೊಡಗಿತು. ಅದರ ಏಳುವ ಚಾವಣಿ ಅಲ್ಯುಮಿನಿಯಂನದು. ಅದರ ಅಂಚಿನಲ್ಲೂ ಬಣ್ಣ ಗುಳ್ಳೆ ಎದ್ದು ಲೋಹ ತಿನ್ನುವ ತೊಂದರೆ ಮಾಲೀಕರ ನಡುವೆ ಮನೆಮಾತಾಯಿತು, ಟಾಪು ಇಳಿಸಿ ಬದಲಾಯಿಸಿಕೊಂಡವರಿದ್ದಾರೆ. ಅಲ್ಯುಮಿನಿಯಂಗೆ ಕೆಂಪು ತುಕ್ಕು ಬರಲ್ಲ, ಬಿಳಿ ಪುಡಿ ಬರುತ್ತೆ, ಅಷ್ಟೇ ವ್ಯತ್ಯಾಸ.

ಮಿಸ್ತ್ರಿ ತುಕ್ಕಿಗೆ ಹಚ್ಚಿದ್ದು ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ. ಅದು ಕಬ್ಬಿಣದ ಮೇಲೆ ಫಾಸ್ಫೇಟಿನ ತೆಳು ಪೊರೆ ಕಟ್ಟುತ್ತೆ. ದೆಹಲಿಯ ಕಬ್ಬಿಣದ ಕಂಬ ಸಾವಿರದ ಆರುನೂರು ವರ್ಷ ನಿಂತಿರೋದರ ಗುಟ್ಟೂ ಆ ಕಬ್ಬಿಣದಲ್ಲಿರೋ ರಂಜಕ ಅಂತ ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣಿಯಂ ವಿವರಿಸಿದ್ದರು. ಇದನ್ನ ಹೇಳಿದಾಗ ಮಿಸ್ತ್ರಿ ನಕ್ಕು, "ಆ ಕಂಬ ಯಾರೂ ಕೊಯ್ದಿಲ್ಲಲ್ರೀ" ಅಂದ.

ಈಗ ಪ್ರಶ್ನೆ, ಏನು ಮಾಡೋದು. ಗೆಳೆಯನಿಗೆ ಅಪ್ಪನ ಟಾಪು ಉಳಿಯಲೇಬೇಕು. ಕಳಂಬೋಲಿಯ ಲೋಹದ ಮಾರ್ಕೆಟ್ಟು ಪಕ್ಕದಲ್ಲೇ, ಬೇಕಾದ ದಪ್ಪದ ತಗಡು ಸಿಗುತ್ತೆ, ಹೊಸ ಚೌಕಟ್ಟು ಬೆಸೆಯಬಹುದು ಅಂತ ಮಿಸ್ತ್ರಿಯೂ ಒಪ್ಪಿದ. ಖರ್ಚು ಗಾಡಿ ಬೆಲೆಗಿಂತ ಜಾಸ್ತಿ, ಆದರೆ ಅವನಿಗೆ ಅದು ಲೆಕ್ಕಕ್ಕಿರಲಿಲ್ಲ.

ಲೆಕ್ಕಕ್ಕೆ ಬಂದದ್ದು ಕಾಗದ. ಕೆಎ ನಂಬರಿನ ಗಾಡಿ ಇಟ್ಟುಕೊಂಡು ಈ ಕಡೆ ಬಂದ ನಿಮಗೆಲ್ಲ ಗೊತ್ತಿರೋದೇ: 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿದರೆ ಅಲ್ಲಿ ಹೊಸ ನೋಂದಣಿ. ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನ ವಾಪಸ್ ಕೇಳಬೇಕು. ಮಾಸ್ತರ ಹನ್ನೆರಡು ತಿಂಗಳು ಮುಗಿಯುತ್ತಾ ಬಂದಿತ್ತು. ನೋಂದಣಿ ಅಂದರೆ ಗಾಡಿ ತಪಾಸಣೆ. ಅದೇ ಕಾಯ್ದೆಯ 52ನೇ ಕಲಂ ಹೇಳೋದು, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ, ಇದನ್ನ ಇನ್ನೂ ಬಿಗಿಯಾಗಿ ಹೇಳಿತು. 2003ರಲ್ಲಿ ಟಾಪು ಕೊಯ್ಸುವಾಗ ಯಾರೂ ಕೇಳಿರಲಿಲ್ಲ, ಆರ್‌ಸಿಯಲ್ಲಿ ಬರೆಸಬೇಕು ಅನ್ನೋದು ಇವರಿಗೂ ಹೊಳೆದಿರಲಿಲ್ಲ. ಆ ಜರ್ಮನ್ ವ್ಯಾನುಗಳೂ ಕಾರ್ನೆ ಅನ್ನೋ ಸುಂಕದ ಕಾಗದದ ಮೇಲೆ ಬಂದು ಅವಧಿ ಮುಗಿಯೋದರಲ್ಲಿ ದೇಶ ಬಿಡಬೇಕಿತ್ತು. ಗಾಡಿ ಎಷ್ಟೇ ಸ್ವತಂತ್ರವಾಗಿ ಕಂಡರೂ ಅದರ ಕಾಗದ ಒಂದೂರಿಗೆ ಕಟ್ಟಿರುತ್ತೆ.

ಗೆಳೆಯ, "ಶಿರಸಿಗೇ ಒಯ್ದು ಇಟ್ಟುಬಿಡೋಣ ಅಪ್ಪ, ಅಲ್ಲಿ ಯಾರು ನೋಡ್ತಾರೆ" ಅಂದ. ಮಾಸ್ತರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಬಂದು ಗಾಡಿಯ ಆ ಕಂದು ಅಂಚನ್ನ ಬೆರಳಿಂದ ಸವರಿ, "ನೀ ಕಾಮೋಠೆಲಿ, ನಾನೂ ಕಾಮೋಠೆಲಿ, ಗಾಡಿ ಶಿರಸೀಲಿ ನಿಂತು ಏನು ಮಾಡ್ತು? ನಿಂತು ಅಡಿಗೆ ಮಾಡ್ಲಿ ಅಂತ ಕೊಯ್ಸಿದ್ದೆ. ಅವಳು ಮಾಡಿದಳು. ಮುಚ್ಚಿಸಿಬಿಡು ತಮಾ" ಅಂದರು.

ಮಿಸ್ತ್ರಿ ಕುರ್ಲಾದ ಹಳೇ ಬಿಡಿಭಾಗಗಳ ಬಜಾರಿನಿಂದ ಗುಜರಿಗೆ ಬಿದ್ದ ಇನ್ನೊಂದು ಓಮ್ನಿಯ ಚಾವಣಿ ತಂದ, ಅಡ್ಡ ಪಟ್ಟಿಗಳ ಸಮೇತ. ಮಳೆ ನೀರಿನ ಗಟಾರು ಪಟ್ಟಿಯವರೆಗೂ ಹಳೆಯದನ್ನ ಕೊಯ್ದು, ಹೊಸ ನೆತ್ತಿ ಕೂರಿಸಿ, ಒಂದೇ ಕಡೆ ಉದ್ದಕ್ಕೆ ಎಳೆಯದೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆದ, ತೆಳು ತಗಡು ಬಿಸಿಗೆ ಸೊಟ್ಟಗಾಗಬಾರದು ಅಂತ. ಪ್ರೈಮರ್, ಸಂದುಗಳಿಗೆ ಸೀಲರ್, ಆಮೇಲೆ ಬಣ್ಣ. ತಳ್ಳು ಬಾಗಿಲು ಒಂದೇ ಕೈಗೆ ಓಡಿತು. ಅಡ್ಡ ಪೈಪ್ ತೆಗೆದ ದಿನವೇ ಸಂಜೆ ಮೊದಲ ಮಳೆ ಬಂತು.

ಫೈಬರ್ ಟಾಪು ಈಗ ನಮ್ಮ ಬಿಲ್ಡಿಂಗಿನ ಹಿಂದೆ, ವಾಚ್‌ಮನ್ ಗೂಡಿನ ಮೇಲಿದೆ. ಅವನ ಸಿಮೆಂಟ್ ಶೀಟು ಸೋರ್ತಿತ್ತು, ಮಾಸ್ತರೇ ಕೊಟ್ಟರು. ಹಿಂಜು ಇದ್ದ ಕಡೆಯ ಎಂಟು ತೂತಿಗೆ ಎಂ-ಸೀಲ್ ಹಾಕಿದ್ದು ನಾನು.